ಬೆಟಗೇರಿಯ ಯುವಕನ ‘73 ಪರ್ಸೆಂಟ್’ ಶ್ವಾಸಕೋಶ: ಒಂದು ಪ್ರಕರಣ ಅಧ್ಯಯನ

ಗದಗ-ಬೆಟಗೇರಿಯ 28 ವರ್ಷದ ಯುವಕ. ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಕೋರ್ಸ್ ಮುಗಿಸಿ, ಒಂದಷ್ಟು ಕಾಲ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಕೆಲಸ ಮಾಡಿ, ಕಪ್ಪತಗುಡ್ಡದ ಕಡೆಯ ವಿಂಡ್‌ಮಿಲ್‌ಗಳ ನಿರ್ವಹಣೆಗೆ ಆಯ್ಕೆಯಾಗಿದ್ದ. ಗೋಪುರದೊಳಗಿನ ಏಣಿ ಹತ್ತುವುದು ದಿನದ ಕೆಲಸ. ರೆಕ್ಕೆ ದುರಸ್ತಿಯ ಹೊತ್ತಿನಲ್ಲಿ ಫೈಬರ್ ಗ್ಲಾಸಿನ ಧೂಳು ಏಳುವುದರಿಂದ ಮುಖಕ್ಕೆ ಬಿಗಿಯಾದ ಮಾಸ್ಕ್ ಹಾಕಿಕೊಳ್ಳಬೇಕು. ಹಾಗಾಗಿ ಕೆಲಸಕ್ಕೆ ಸೇರುವ ಮೊದಲು ಕಂಪನಿಯವರು ಶ್ವಾಸಕೋಶದ ಪರೀಕ್ಷೆ ಕೇಳುತ್ತಾರೆ. ಕೇಳಬೇಕಾದದ್ದೇ.

ಹುಬ್ಬಳ್ಳಿಯಲ್ಲಿ ನಡೆದ ವೈದ್ಯಕೀಯ ಶಿಬಿರದಲ್ಲಿ ಅವನ ಪಿಎಫ್‌ಟಿ, ಅಂದರೆ ಯಂತ್ರಕ್ಕೆ ಊದಿಸಿ ಶ್ವಾಸಕೋಶ ಅಳೆಯುವ ಪರೀಕ್ಷೆ ಆಯಿತು. ವರದಿಯ ಕೆಳಗೆ ಯಂತ್ರ ತಾನಾಗಿಯೇ ಅಚ್ಚು ಹಾಕಿದ ಸಾಲು: ‘ಮೈಲ್ಡ್ ರಿಸ್ಟ್ರಿಕ್ಷನ್’. ಅಂದರೆ ಶ್ವಾಸಕೋಶ ಪೂರ್ತಿ ಹಿಗ್ಗುತ್ತಿಲ್ಲ, ಹಿಡಿಯಬೇಕಾದಷ್ಟು ಗಾಳಿ ಹಿಡಿಯುತ್ತಿಲ್ಲ. ಫಾರ್ಮಿನಲ್ಲಿ ‘ಸದ್ಯಕ್ಕೆ ಅನರ್ಹ, ಎದೆರೋಗ ತಜ್ಞರ ಅಭಿಪ್ರಾಯ ಬೇಕು’ ಎಂದು ಬರೆದು ಕಳಿಸಿದರು. ಆ ಕಾಗದ ಹಿಡಿದು ತಂದೆಯ ಜೊತೆ ವಿದ್ಯಾನಗರದ ನಮ್ಮ ಕ್ಲಿನಿಕ್ಕಿಗೆ ಬಂದ.

ಮಾತು ಶುರು ಮಾಡಿದವರು ತಂದೆ. ಬೆಟಗೇರಿಯಲ್ಲಿ ಕೈಮಗ್ಗದ ಮೇಲೆ ಜೀವನ ಕಳೆದವರು. “ಸಾಹೇಬ್ರ, ಹುಡುಗನ ಎದಿಯಾಗ ಗಾಳಿ ಹಿಡಿಯೂ ಜಾಗಾನ ಕಡಿಮಿ ಐತಿ ಅಂತ ಬರದಾರ್ರಿ. ಸಣ್ಣಾಂವಿದ್ದಾಗಿಂದ ಮಗ್ಗದ ಬಾಜೂಕ ಮಲಗಿ ಬೆಳದಾನ. ನೂಲಿನ ಧೂಳ ಕುಡದು ಹಿಂಗಾಗೇತೇನ್ರಿ?”

ಮಗ ಮಾತ್ರ ಸಿಟ್ಟಿನಲ್ಲಿದ್ದ. “ನನಗೇನೂ ಆಗಿಲ್ರಿ ಸರ್. ದಿನಾ ಮುಂಜಾನೆ ಓಡ್ತೀನ್ರಿ, ಗರಡಿಗೆ ಹೋಗ್ತಿದ್ನಿ. ಒಮ್ಮೆನೂ ದಮ್ ಹತ್ತಿಲ್ಲ.”

ಈ ಎರಡು ಮಾತುಗಳಲ್ಲಿ ಯಾವುದನ್ನೂ ಹಾಗೆಯೇ ಒಪ್ಪಿಕೊಳ್ಳುವಂತಿರಲಿಲ್ಲ. ತಂದೆಯ ಅನುಮಾನಕ್ಕೆ ವರದಿಯಲ್ಲೇ ಉತ್ತರವಿತ್ತು. ಹತ್ತಿಯ ಧೂಳು ಶ್ವಾಸನಾಳಗಳನ್ನು ಬಿಗಿಮಾಡುವ ರೋಗ ತರುವುದುಂಟು, ಆದರೆ ಅದು ಹೆಚ್ಚಾಗಿ ಹತ್ತಿ ಬಿಡಿಸುವ, ಹಿಂಜುವ, ನೂಲುವ ಕಾರ್ಖಾನೆಗಳ ಕಾಯಿಲೆ. ಅದರಲ್ಲಿ ಗಾಳಿ ಹೊರಬೀಳುವ ವೇಗ ತಗ್ಗುತ್ತದೆ. ಈ ಹುಡುಗನ ವರದಿಯಲ್ಲಿ ವೇಗಕ್ಕೆ ಏನೂ ಆಗಿರಲಿಲ್ಲ. ಇನ್ನು ಮಗನ ಓಟ. ಆರೋಗ್ಯವಂತ ಮನುಷ್ಯ ಓಡುವಾಗ ಮೊದಲು ಸೋಲುವುದು ಹೃದಯ ಮತ್ತು ಕಾಲಿನ ಸ್ನಾಯು. ಶ್ವಾಸಕೋಶದಲ್ಲಿ ಆಗಲೂ ಸಾಕಷ್ಟು ಮಿಗತೆ ಇರುತ್ತದೆ. ಅದಕ್ಕೇ ಶ್ವಾಸಕೋಶ ಒಂದಿಷ್ಟು ಕುಗ್ಗಿದ್ದರೂ ಯುವಕರು ಓಡಬಲ್ಲರು. ಚೆನ್ನಾಗಿ ಓಡುತ್ತೇನೆ ಎನ್ನುವುದು ಒಳ್ಳೆಯ ಸುದ್ದಿಯೇ, ಆದರೆ ಅಳತೆಯ ಜಾಗದಲ್ಲಿ ಅದನ್ನು ಇಡಲಾಗದು.

ಮೊದಲ ವರದಿ

ಊದಿಸಿ ನೋಡುವ ಈ ಯಂತ್ರದ ಹೆಸರು ಸ್ಪೈರೋಮೀಟರ್. ಅದು ಅಳೆಯುವುದು ಮುಖ್ಯವಾಗಿ ಎರಡು ಸಂಗತಿ. ಎದೆ ತುಂಬ ಉಸಿರು ಎಳೆದುಕೊಂಡು, ಇನ್ನು ಹನಿ ಗಾಳಿಯೂ ಬರುವುದಿಲ್ಲ ಎನ್ನುವವರೆಗೆ ಜೋರಾಗಿ ಊದಿದಾಗ ಹೊರಬಂದ ಒಟ್ಟು ಗಾಳಿ ಎಫ್‌ವಿಸಿ. ಅದರಲ್ಲಿ ಮೊದಲ ಒಂದು ಸೆಕೆಂಡಿನಲ್ಲಿ ಹೊರಬಿದ್ದದ್ದು ಎಫ್‌ಇವಿ-1. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಸಿಗುವ ಅನುಪಾತದಿಂದ ನಾಳಗಳು ಬಿಗಿದಿವೆಯೋ ಇಲ್ಲವೋ ತಿಳಿಯುತ್ತದೆ. ಅಸ್ತಮಾ, ಸಿಒಪಿಡಿ (ನಾಳಗಳು ಕಾಯಮ್ಮಾಗಿ ಬಿಗಿಯುವ ದೀರ್ಘಕಾಲದ ಕಾಯಿಲೆ) ಇವುಗಳಲ್ಲಿ ಈ ಅನುಪಾತ ಇಳಿಯುತ್ತದೆ. ಒಟ್ಟು ಗಾಳಿ ಕಡಿಮೆಯಿದ್ದು ಅನುಪಾತ ಚೆನ್ನಾಗಿದ್ದರೆ ಯಂತ್ರ ‘ರಿಸ್ಟ್ರಿಕ್ಷನ್’ ಎನ್ನುತ್ತದೆ.

ಅವನ ಕಾಗದದಲ್ಲಿ ಎಫ್‌ವಿಸಿ 3.58 ಲೀಟರ್, ನಿರೀಕ್ಷಿತ (ವಯಸ್ಸು, ಎತ್ತರ, ಗಂಡು-ಹೆಣ್ಣು ನೋಡಿ ಯಂತ್ರ ಲೆಕ್ಕ ಹಾಕುವ ಅಂಕಿ) 4.90, ಅಂದರೆ ಪ್ರತಿಶತ 73. ಎಫ್‌ಇವಿ-1 3.12 ಲೀಟರ್, ನಿರೀಕ್ಷಿತ 4.14, ಪ್ರತಿಶತ 75. ಅನುಪಾತ ಪ್ರತಿಶತ 87. ಶಿಬಿರದ ವೈದ್ಯರು ಯಂತ್ರದ ಸಾಲಿನ ಕೆಳಗೆ ಸಹಿ ಮಾಡಿದ್ದರು.

ಇಂಥ ಕಾಗದ ಬಂದಾಗ ನಾನು ಪ್ರತಿಶತದ ಅಂಕಣವನ್ನು ಕೈಯಿಂದ ಮುಚ್ಚಿಕೊಂಡು ಮೊದಲು ಗ್ರಾಫ್ ನೋಡುತ್ತೇನೆ. ಕಿರಿಯ ವೈದ್ಯರಿಗೂ ಇದನ್ನೇ ಹೇಳುವುದು. ಸಮಯಕ್ಕೆ ಎದುರಾಗಿ ಗಾಳಿಯ ಪ್ರಮಾಣ ತೋರಿಸುವ ಗೆರೆ ಮೊದಲು ಕಡಿದಾಗಿ ಏರಿ, ಬರಬರುತ್ತಾ ಬಾಗಿ, ಕೊನೆಗೆ ಅಡ್ಡಗೆರೆಯಂತೆ ಮಟ್ಟಸವಾಗಬೇಕು. ಇಲ್ಲಿ ಗೆರೆ ಇನ್ನೂ ಏರುತ್ತಿರುವಾಗಲೇ, ಎರಡೂಕಾಲು ಸೆಕೆಂಡಿನ ಹತ್ತಿರ, ಕತ್ತರಿಸಿದ ಹಾಗೆ ನಿಂತಿತ್ತು. ಹುಡುಗ ಊದುವುದನ್ನು ನಿಲ್ಲಿಸಿಬಿಟ್ಟಿದ್ದ. ಗಾಳಿ ಇನ್ನೂ ಒಳಗಿತ್ತು. ಹೀಗೆ ನಡುವೆ ನಿಲ್ಲಿಸಿದರೆ ಒಟ್ಟು ಗಾಳಿ ಕಡಿಮೆ ದಾಖಲಾಗುತ್ತದೆ, ಮೊದಲ ಸೆಕೆಂಡಿನದು ಹಾಗೇ ಉಳಿಯುತ್ತದೆ, ಅನುಪಾತ ಮೇಲೇರುತ್ತದೆ. ಕಾಗದದ ಮೇಲೆ ಅದು ತದ್ವತ್ ರಿಸ್ಟ್ರಿಕ್ಷನ್ನಿನ ವೇಷ.

ಇನ್ನೊಂದು ಕೊರತೆ. ಕನಿಷ್ಠ ಮೂರು ಒಪ್ಪತಕ್ಕ ಊದುಗಳಿರಬೇಕು, ಅವುಗಳಲ್ಲಿ ದೊಡ್ಡ ಎರಡರ ನಡುವಿನ ಅಂತರ 150 ಮಿಲಿಲೀಟರ್ ದಾಟಬಾರದು ಎಂಬುದು ಅಮೆರಿಕ ಮತ್ತು ಯುರೋಪಿನ ಎದೆರೋಗ ಸಂಘಗಳು 2005ರಲ್ಲಿ ಹೇಳಿ, 2019ರಲ್ಲೂ ಉಳಿಸಿಕೊಂಡ ನಿಯಮ. ಕಾಗದದಲ್ಲಿ ಅಚ್ಚಾಗಿದ್ದದ್ದು ಒಂದೇ ಗೆರೆ. ಹುಡುಗನನ್ನು ಕೇಳಿದರೆ, ನಿಂತುಕೊಂಡೇ ಊದಿಸಿದರು, ಮೂಗಿಗೆ ಕ್ಲಿಪ್ ಹಾಕಲಿಲ್ಲ, ಹಿಂದೆ ಉದ್ದನೆಯ ಸಾಲಿತ್ತು ಎಂದ. ಗದಗದಿಂದ ಬೆಳಗಿನ ಬಸ್ಸು ಹಿಡಿದು ಬಂದವನು ಸಾಲಿಗೆ ನಿಲ್ಲುವ ಮೊದಲು ಹೊಟ್ಟೆ ತುಂಬ ರೊಟ್ಟಿ ಬೇರೆ ತಿಂದಿದ್ದ. ಭಾರಿ ಊಟವಾದ ಎರಡು ಗಂಟೆಯೊಳಗೆ ಈ ಪರೀಕ್ಷೆ ಮಾಡಬಾರದು. ವಪೆ (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ) ಕೆಳಗಿಳಿಯಲು ಹೊಟ್ಟೆ ಜಾಗ ಬಿಡುವುದಿಲ್ಲ.

ಐದು ಅಡಿ ಎಂಟು ಇಂಚು

ವರದಿಯ ತಲೆಯಲ್ಲಿ ಎತ್ತರ 173 ಸೆಂಟಿಮೀಟರ್ ಎಂದಿತ್ತು. ಎದುರಿಗೆ ಕುಳಿತವನು ಅಷ್ಟು ಉದ್ದ ಕಾಣಲಿಲ್ಲ. ಚಪ್ಪಲಿ ಬಿಡಿಸಿ, ಹಿಮ್ಮಡಿ ಗೋಡೆಗೆ ತಾಗಿಸಿ ನಿಲ್ಲಿಸಿ ಅಳೆದೆವು: 167.

“173 ಎಲ್ಲಿಂದ ಬಂತು ತಮ್ಮಾ?”

ಅವನು ನಾಚಿಕೊಂಡ. ಉತ್ತರ ತಂದೆಯಿಂದ ಬಂತು. ಹೆಣ್ಣು ನೋಡಲು ಮಾಡಿಸಿದ ಬಯೋಡೇಟಾದಲ್ಲಿ ಐದು ಅಡಿ ಎಂಟು ಇಂಚು ಎಂದು ಬರೆಸಿದ್ದಾರೆ. ಶಿಬಿರದಲ್ಲಿ ‘ಎತ್ತರ ಎಷ್ಟು’ ಎಂದು ಕೇಳಿದಾಗ ಬಾಯಿಗೆ ಬಂದದ್ದು ಅದೇ. ಕೇಳಿದವರು ಅಳೆಯಲಿಲ್ಲ. ಮದುವೆ ಮಾರುಕಟ್ಟೆಯಲ್ಲಿ ಎರಡು ಇಂಚು ಹೆಚ್ಚು ಹೇಳುವುದರಿಂದ ಯಾರಿಗೂ ನಷ್ಟವಿಲ್ಲದಿರಬಹುದು. ಸ್ಪೈರೋಮೀಟರಿನಲ್ಲಿ ಆ ಸುಳ್ಳು ನೇರ ಶ್ವಾಸಕೋಶದ ಲೆಕ್ಕಕ್ಕೆ ಬೀಳುತ್ತದೆ.

ಎಷ್ಟು ಬೀಳುತ್ತದೆ ಎಂಬುದನ್ನು ಕೈಯಲ್ಲೇ ಲೆಕ್ಕ ಹಾಕಬಹುದು. ಆ ಯಂತ್ರದಲ್ಲಿದ್ದದ್ದು ಯುರೋಪಿನ ಕಲ್ಲಿದ್ದಲು ಮತ್ತು ಉಕ್ಕು ಸಮುದಾಯ 1983ರಲ್ಲಿ ಹೊರತಂದು 1993ರಲ್ಲಿ ಮತ್ತೆ ಪ್ರಕಟವಾದ ಸೂತ್ರ. ಗಂಡಸರ ಎಫ್‌ವಿಸಿಗೆ: ಮೀಟರಿನಲ್ಲಿ ಎತ್ತರವನ್ನು 5.76ರಿಂದ ಗುಣಿಸಿ, ಅದರಿಂದ ವಯಸ್ಸಿನ 0.026 ಪಟ್ಟು ಕಳೆದು, ಮತ್ತೆ 4.34 ಕಳೆಯಬೇಕು. 28 ವರ್ಷಕ್ಕೆ, 173 ಸೆಂಟಿಮೀಟರಿಗೆ 4.90 ಲೀಟರ್ ಬರುತ್ತದೆ, 167ಕ್ಕೆ 4.55. ಒಂದೊಂದು ಸೆಂಟಿಮೀಟರಿಗೆ ಸುಮಾರು 58 ಮಿಲಿಲೀಟರ್. ಬಯೋಡೇಟಾದ ಆರು ಸೆಂಟಿಮೀಟರಿನಿಂದಾಗಿ ಇವನ ಮೇಲೆ ಮುಕ್ಕಾಲು ಪಾವಿನಷ್ಟಲ್ಲ, ಮೂರನೇ ಒಂದು ಲೀಟರಿಗೂ ಮೀರಿದ ಗಾಳಿಯ ಸಾಲ ಬಿದ್ದಿತ್ತು.

ಎತ್ತರಕ್ಕೂ ಉಸಿರಿಗೂ ಇರುವ ಈ ನಂಟು ಹಳೆಯದು. 1846ರಲ್ಲಿ ಲಂಡನ್ನಿನ ಜಾನ್ ಹಚಿನ್ಸನ್ ತನ್ನ ಸ್ಪೈರೋಮೀಟರನ್ನು ಲೋಕಕ್ಕೆ ಪರಿಚಯಿಸಿದಾಗ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಅಳೆದಿದ್ದ. ಐದು ಅಡಿಯ ಮೇಲೆ ಒಂದೊಂದು ಇಂಚಿಗೂ ಎಂಟು ಘನ ಇಂಚು ಗಾಳಿ ಹೆಚ್ಚುತ್ತದೆ ಎಂದು ಬರೆದ. ಅದನ್ನು ಇಂದಿನ ಲೆಕ್ಕಕ್ಕೆ ತಂದರೆ ಸೆಂಟಿಮೀಟರಿಗೆ ಸುಮಾರು 52 ಮಿಲಿಲೀಟರ್. ನೀರಿನಲ್ಲಿ ಬೋರಲು ಹಾಕಿದ ಪಾತ್ರೆಯಿಂದ ಅಳೆದವನು ಇಂದಿನ ಸೂತ್ರಕ್ಕೆ ಇಷ್ಟು ಹತ್ತಿರ ಬಂದದ್ದು ನನಗೆ ಈಗಲೂ ಬೆರಗು. ಆತ ಜೀವವಿಮೆ ಕಂಪನಿಯೊಂದರ ವೈದ್ಯನೂ ಆಗಿದ್ದ. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಹೊರಗಿಡಬೇಕು ಎಂಬ ಪ್ರಶ್ನೆ ಈ ಯಂತ್ರಕ್ಕೆ ಹುಟ್ಟಿನಿಂದಲೇ ಅಂಟಿಕೊಂಡಿದೆ.

ಬೆನ್ನು ಬಾಗಿದವರಲ್ಲಿ, ಸರಿಯಾಗಿ ನಿಲ್ಲಲಾಗದವರಲ್ಲಿ ಎತ್ತರದ ಬದಲು ಎರಡೂ ತೋಳು ಚಾಚಿಸಿ ಬೆರಳ ತುದಿಯಿಂದ ತುದಿಗೆ ಅಳೆಯುತ್ತೇವೆ. ಗಂಡು-ಹೆಣ್ಣು ಎಂಬ ಅಂಕಣದಲ್ಲಿ ತಪ್ಪು ಗುಂಡಿ ಒತ್ತಿದರೂ ಲೆಕ್ಕ ಕೆಡುತ್ತದೆ: ಇದೇ ವಯಸ್ಸು, ಇದೇ ಎತ್ತರದ ಹೆಣ್ಣುಮಗಳಿಗೆ ಅದೇ ಯುರೋಪಿನ ಸೂತ್ರ ಕೇಳುವುದು 3.78 ಲೀಟರ್ ಮಾತ್ರ.

ತಪಾಸಣೆ ಮತ್ತು ಮರುಪರೀಕ್ಷೆ

ಯಂತ್ರದ ತಪ್ಪು ಕಂಡಿತೆಂದು ರೋಗಿಯನ್ನು ನೋಡದೆ ಬಿಡುವಂತಿಲ್ಲ. ನಿಜವಾದ ರಿಸ್ಟ್ರಿಕ್ಷನ್ನಿಗೆ ಕಾರಣಗಳು ಹಲವು: ಹಳೆಯ ಟಿಬಿ ಬಿಟ್ಟುಹೋದ ಗಾಯ, ಶ್ವಾಸಕೋಶ ಗಟ್ಟಿಯಾಗುವ ರೋಗಗಳು, ಶ್ವಾಸಕೋಶದ ಸುತ್ತ ನೀರು, ಡೊಂಕು ಬೆನ್ನು, ಸ್ನಾಯು ದೌರ್ಬಲ್ಯ, ಬೊಜ್ಜು. ಇವನಲ್ಲಿ ಟಿಬಿಯ ಹಿನ್ನೆಲೆ ಇರಲಿಲ್ಲ. ತೂಕ 58 ಕಿಲೋ, ಎತ್ತರಕ್ಕೆ ಸರಿಯಾದದ್ದು. ಉಸಿರಿನ ಗತಿ ನಿಮಿಷಕ್ಕೆ 14, ಆಮ್ಲಜನಕ ಪ್ರತಿಶತ 98. ಉಗುರುಗಳು ಸರಿ, ಬೆನ್ನು ನೆಟ್ಟಗೆ. ಸ್ಟೆಥೋಸ್ಕೋಪಿನಲ್ಲಿ ಕೊರಕಲು ಸದ್ದು ಎಲ್ಲೂ ಇಲ್ಲ. ಎಕ್ಸ್‌ರೇ ಸ್ವಚ್ಛ. ಬಾಯಿ ತೆರೆಸಿ ಮೂರು ಬೆರಳು ಹಿಡಿಯುತ್ತದೆಯೇ ಎಂದೂ ನೋಡಿದೆವು. ನಮ್ಮ ಭಾಗದಲ್ಲಿ ಇದು ಬೇಕು. ಗುಟ್ಕಾ ತಿಂದು ತಿಂದು ಬಾಯಿ ಬಿಗಿದುಕೊಂಡವರು ಮೌತ್‌ಪೀಸಿನ ಸುತ್ತ ತುಟಿ ಮುಚ್ಚಲಾರರು. ಗಾಳಿ ಪಕ್ಕದಿಂದ ಸೋರಿ, ಇಲ್ಲದ ಶ್ವಾಸಕೋಶದ ರೋಗ ಕಾಗದಕ್ಕೆ ಬರುತ್ತದೆ. ಇವನ ಬಾಯಿ ಚೆನ್ನಾಗಿತ್ತು.

ಮರುಪರೀಕ್ಷೆಗೆ ಬೇರೊಂದು ದಿನ ಬರಹೇಳಿದೆವು. ಹಗುರ ಉಪಾಹಾರ, ಸಡಿಲ ಬಟ್ಟೆ, ಬಂದ ಮೇಲೆ ಸ್ವಲ್ಪ ವಿಶ್ರಾಂತಿ. ಆ ಬೆಳಗ್ಗೆ ಮೂರು ಲೀಟರಿನ ಸಿರಿಂಜಿನಿಂದ ಗಾಳಿ ತಳ್ಳಿ ಯಂತ್ರವನ್ನು ಪರೀಕ್ಷಿಸಿದಾಗ 2.97 ತೋರಿಸಿತು. ಪ್ರತಿಶತ ಮೂರರ ಹೆಚ್ಚುಕಡಿಮೆಗೆ ಅವಕಾಶವಿದೆ, ಅಂದರೆ 2.91ರಿಂದ 3.09ರವರೆಗೆ ಸರಿ. ಕೋಣೆಯ ಉಷ್ಣತೆಯನ್ನೂ ನಮೂದಿಸಬೇಕು. ದೇಹದೊಳಗೆ 37 ಡಿಗ್ರಿಯಲ್ಲಿ, ತೇವ ತುಂಬಿಕೊಂಡಿದ್ದ ಗಾಳಿ ಹೊರಬಂದು ತಣ್ಣಗಾದಾಗ ಕುಗ್ಗುತ್ತದೆ. ಯಂತ್ರ ಆ ಕುಗ್ಗಿದ್ದನ್ನು ಲೆಕ್ಕ ಹಾಕಿ ಮತ್ತೆ ಸೇರಿಸುತ್ತದೆ.

ಮುಂದಿನದೆಲ್ಲ ನಮ್ಮ ಟೆಕ್ನಿಷಿಯನ್ ಅಕ್ಕನ ಕೈಯಲ್ಲಿ, ಅದಕ್ಕಿಂತ ಹೆಚ್ಚಾಗಿ ಅವರ ಗಂಟಲಲ್ಲಿ. ಈ ಪರೀಕ್ಷೆಯ ಅರ್ಧ ಗುಣಮಟ್ಟ ಊದಿಸುವವರ ದನಿಯಲ್ಲಿದೆ. ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ, ಪಾದ ನೆಲಕ್ಕೆ ಊರಿಸಿ, ಬೆಲ್ಟು ಸಡಿಲಿಸಿ, ಮೂಗಿಗೆ ಕ್ಲಿಪ್ ಹಾಕಿ, ತಾವೇ ಒಮ್ಮೆ ಊದಿ ತೋರಿಸಿದರು. ಆಮೇಲೆ, “ಉಸುರು ತಗೋ ತಮ್ಮಾ, ತಗೋ, ಇನ್ನಾ ತಗೋ, ಇನ್ನೂ ಜಾಗಾ ಐತಿ ತಗೋ... ಈಗ ಒಮ್ಮೆಲೆ ಊದು! ಊದು, ಊದು, ಊದು, ಬಿಡಬ್ಯಾಡ, ಇನ್ನೂ ಐತಿ ಒಳಗ, ಊದು!” ಕಾರಿಡಾರಿನಲ್ಲಿ ಕೂತವರು ಜಗಳವೆಂದುಕೊಳ್ಳುವಷ್ಟು ಜೋರು.

ಮೊದಲ ಸಲ ಅವನು ಹಿಂಜರಿದು ನಿಧಾನಕ್ಕೆ ಶುರು ಮಾಡಿದ, ತೆಗೆದುಹಾಕಿದೆವು. ಎರಡನೆಯದರಲ್ಲಿ ಮೊದಲ ಸೆಕೆಂಡಿನೊಳಗೇ ಕೆಮ್ಮಿದ, ಅದೂ ಹೋಯಿತು. ನಂತರದ ಮೂರು ಚೆನ್ನಾಗಿ ಬಂದವು. ಎಫ್‌ವಿಸಿ ಕ್ರಮವಾಗಿ 3.71, 3.88, 3.92. ಎಫ್‌ಇವಿ-1 3.19, 3.31, 3.36. ದೊಡ್ಡ ಎರಡರ ಅಂತರ ಎಫ್‌ವಿಸಿಯಲ್ಲಿ 40, ಎಫ್‌ಇವಿ-1ರಲ್ಲಿ 50 ಮಿಲಿಲೀಟರ್. ಗೆರೆ ಕೊನೆಯಲ್ಲಿ ಪೂರ್ತಿ ಮಟ್ಟಸವಾಗಿತ್ತು. ಕೊನೆಯ ಸೆಕೆಂಡಿನಲ್ಲಿ 25 ಮಿಲಿಲೀಟರಿಗಿಂತ ಕಡಿಮೆ ಏರಿಕೆ ಇರಬೇಕೆಂಬ 2019ರ ನಿಯಮಕ್ಕೆ ಸರಿಹೊಂದುವಂತೆ. ಎಂಟು ಸಲದವರೆಗೆ ಊದಿಸಬಹುದು, ಇಲ್ಲಿ ಅದರ ಅಗತ್ಯ ಬೀಳಲಿಲ್ಲ. ಅನುಪಾತ 86 ಇದ್ದುದರಿಂದ ನಾಳ ಸಡಿಲಿಸುವ ಔಷಧಿ ಕೊಟ್ಟು ಮತ್ತೆ ಊದಿಸುವುದೂ ಬೇಡವಾಯಿತು.

73, 79, 86, 96

ಇದೇ ಈ ಪ್ರಕರಣದ ತಿರುಳು, ಹಾಗಾಗಿ ನಿಧಾನವಾಗಿ ನೋಡೋಣ. ಶಿಬಿರದ ಅದೇ 3.58 ಲೀಟರನ್ನು ಇಟ್ಟುಕೊಂಡು ಎತ್ತರ ಮಾತ್ರ 167ಕ್ಕೆ ತಿದ್ದಿದರೆ 73 ಇದ್ದದ್ದು 79 ಆಗುತ್ತದೆ. ಸರಿಯಾಗಿ ಊದಿಸಿದಾಗ ಬಂದ 3.92ನ್ನು ಇಟ್ಟರೆ 86. ಇನ್ನು ಅನೇಕ ಯಂತ್ರಗಳಲ್ಲಿ ಇರುವಂತೆ ‘ಭಾರತೀಯ’ ಎಂಬ ಆಯ್ಕೆ ಒತ್ತಿ ನಿರೀಕ್ಷಿತದಿಂದ ಪ್ರತಿಶತ ಹತ್ತು ಕಡಿತ ಮಾಡಿದರೆ 96. ಒಬ್ಬನೇ ಹುಡುಗ, ಅದೇ ಶ್ವಾಸಕೋಶ. ರೋಗಿಯಿಂದ ‘ಎ ಒನ್’ವರೆಗೆ ನಾಲ್ಕು ಮೆಟ್ಟಿಲು.

ಕಂಪನಿಯ ಫಾರ್ಮಿನಲ್ಲಿ ಗೆರೆ ಎಳೆದಿದ್ದದ್ದು 80ಕ್ಕೆ. ಈ 80 ಎಂಬ ಅಂಕಿಯ ಮೇಲೆ ನನಗೆ ಗೌರವವಿಲ್ಲ. ನೆನಪಿಡಲು ಸುಲಭವೆಂದು ಬಳಕೆಗೆ ಬಂದದ್ದು, ಬಿಟ್ಟುಹೋಗದೆ ಉಳಿದದ್ದು. ಆರೋಗ್ಯವಂತರ ಅಳತೆಗಳು ಸರಾಸರಿಯ ಆಚೀಚೆ ಹರಡಿಕೊಂಡಿರುತ್ತವೆ. ಆ ಹರವಿನ ಕೆಳಗಿನ ಪ್ರತಿಶತ ಐದನ್ನು ಬಿಟ್ಟು ಗೆರೆ ಎಳೆದರೆ ಅದು ಕೆಳಮಿತಿ, ಸರಾಸರಿಗಿಂತ 1.64 ಪ್ರಮಾಣ ವಿಚಲನೆಯಷ್ಟು (ಹರವು ಎಷ್ಟು ಅಗಲವೆಂದು ಹೇಳುವ ಅಳತೆ) ಕೆಳಗೆ. ಯುರೋಪಿನ ಆ ಸೂತ್ರದಲ್ಲಿ ಗಂಡಸರ ಎಫ್‌ವಿಸಿಯ ವಿಚಲನೆ 0.61 ಲೀಟರ್, ಹಾಗಾಗಿ ಕೆಳಮಿತಿ ನಿರೀಕ್ಷಿತಕ್ಕಿಂತ ಒಂದು ಲೀಟರ್ ಕೆಳಗೆ. ಇವನಿಗೆ ಅದು 3.55. ಅಂದರೆ ಎತ್ತರ ಸರಿಯಾಗಿ ಬರೆದಿದ್ದರೆ, ಆ ಅರೆಬರೆ ಊದಿನ 3.58 ಕೂಡ ಕೆಳಮಿತಿಯ ಮೇಲೆಯೇ ಇತ್ತು. 80ರ ಗೆರೆ ಅದನ್ನು ಕೆಳಗೆ ತಳ್ಳುತ್ತಿತ್ತು.

ಗೆರೆ ಒಂದೇ ದಿಕ್ಕಿಗೆ ತಪ್ಪುತ್ತದೆ ಎಂದುಕೊಳ್ಳಬೇಡಿ. 190 ಸೆಂಟಿಮೀಟರ್ ಎತ್ತರದ 25ರ ಯುವಕನಿಗೆ ಇದೇ ಸೂತ್ರದ ಕೆಳಮಿತಿ ನಿರೀಕ್ಷಿತದ ಪ್ರತಿಶತ 83ರಷ್ಟಾಗುತ್ತದೆ. ಅವನು 81 ಊದಿದರೆ ಫಾರ್ಮಿನಲ್ಲಿ ಪಾಸು, ಆದರೆ ಅವನನ್ನೇ ಇನ್ನಷ್ಟು ಪರೀಕ್ಷಿಸಬೇಕಾಗಿರುತ್ತದೆ. ಕೆಳಮಿತಿಯೂ ದೇವರ ಗೆರೆಯಲ್ಲ. ಅದರ ವ್ಯಾಖ್ಯೆಯ ಪ್ರಕಾರವೇ ನೂರು ಆರೋಗ್ಯವಂತರಲ್ಲಿ ಐವರು ಅದರ ಕೆಳಗಿರುತ್ತಾರೆ. ಅರವತ್ತು ಗಟ್ಟಿಮುಟ್ಟಾದ ಯುವಕರ ಸಾಲಿನಲ್ಲಿ ಮೂವರಿಗೆ ಏನೂ ಆಗದೆಯೇ ‘ಕಡಿಮೆ’ ಎಂಬ ಮುದ್ರೆ ಬೀಳುವುದು ಸಹಜ.

ಅಷ್ಟೇ ಮುಖ್ಯವಾದ ಇನ್ನೊಂದು ಮಾತು: ಸ್ಪೈರೋಮೀಟರ್ ರಿಸ್ಟ್ರಿಕ್ಷನ್ ಇದೆ ಎಂದು ತೀರ್ಪು ಕೊಡಲಾರದು. ಪೂರ್ತಿ ಊದಿದ ಮೇಲೂ ಶ್ವಾಸಕೋಶದಲ್ಲಿ ಒಂದು ಲೀಟರಿಗೂ ಹೆಚ್ಚು ಗಾಳಿ ಉಳಿಯುತ್ತದೆ. ಅದು ಯಂತ್ರಕ್ಕೆ ಸಿಗುವುದೇ ಇಲ್ಲ. ಒಟ್ಟು ಸಾಮರ್ಥ್ಯ ತಿಳಿಯಲು ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿಯೋ ಹೀಲಿಯಂ ಬಳಸಿಯೋ ಅಳೆಯಬೇಕು. ಸ್ಪೈರೋಮೀಟರ್ ‘ರಿಸ್ಟ್ರಿಕ್ಷನ್’ ಎಂದವರನ್ನು ಹಾಗೆ ಅಳೆದಾಗ ನಿಜವೆಂದು ಸಿಗುವುದು ಸುಮಾರು ಅರ್ಧದಷ್ಟು ಜನರಲ್ಲಿ. ಈ ಹುಡುಗನಿಗೆ ಅದನ್ನು ಬರೆಯಬೇಕೇ ಎಂದು ಯೋಚಿಸಿ ಬಿಟ್ಟೆ. ಲಕ್ಷಣವಿಲ್ಲ, ತಪಾಸಣೆಯಲ್ಲಿ ಏನೂ ಇಲ್ಲ, ಎಕ್ಸ್‌ರೇ ಸ್ವಚ್ಛ, ಚೆನ್ನಾಗಿ ಊದಿದ ಅಳತೆ ಕಠಿಣ ಕೆಳಮಿತಿಗಿಂತ 370 ಮಿಲಿಲೀಟರ್ ಮೇಲಿದೆ. ಇನ್ನೊಂದು ದುಬಾರಿ ಪರೀಕ್ಷೆಗೆ ಕಾರಣ ಉಳಿದಿರಲಿಲ್ಲ.

ಯಾರ ಅಳತೆ?

ನಾಲ್ಕನೆಯ ಮೆಟ್ಟಿಲಿನ ಬಗ್ಗೆ, ಅಂದರೆ ಆ ಹತ್ತು ಪ್ರತಿಶತ ಕಡಿತದ ಬಗ್ಗೆ, ನಮ್ಮಲ್ಲೇ ಒಮ್ಮತವಿಲ್ಲ.

ಒಂದೇ ವಯಸ್ಸು, ಒಂದೇ ಎತ್ತರದ ಯುರೋಪಿನವರಿಗೆ ಹೋಲಿಸಿದರೆ ಭಾರತೀಯರ ಸರಾಸರಿ ಎಫ್‌ವಿಸಿ ಕಡಿಮೆ ಎಂಬುದು ಮತ್ತೆ ಮತ್ತೆ ಕಂಡ ಸಂಗತಿ. ಅದಕ್ಕೇ ಕೆಲವು ತಂತ್ರಾಂಶಗಳು ಹತ್ತು, ಕೆಲವು ದಕ್ಷಿಣ ಭಾರತೀಯರಿಗೆಂದು ಹದಿಮೂರು ಪ್ರತಿಶತ ಕಡಿತ ಇಟ್ಟಿವೆ. ಕಡಿತ ಮಾಡದಿದ್ದರೆ ಬೇರೆಯವರ ಮೈಗೆ ಹೊಲಿದ ಅಂಗಿ ತೊಡಿಸಿ, ತೋಳು ಉದ್ದವಾಯಿತೆಂದು ನಮ್ಮವರ ಕೈಯನ್ನು ದೂರಿದ ಹಾಗಾಗುತ್ತದೆ. ಆರೋಗ್ಯವಂತರು ಕೆಲಸ ಕಳೆದುಕೊಳ್ಳುತ್ತಾರೆ.

ಆದರೆ ಕಡಿಮೆ ಏಕೆ? ಕಾಲಿಗೆ ಹೋಲಿಸಿದರೆ ಮುಂಡದ ಉದ್ದ ಕಡಿಮೆ ಇರುವುದು ಒಂದು ಕಾರಣ. ಎದೆಗೂಡು ಮುಂಡದಲ್ಲಿದೆ, ಕಾಲಿನಲ್ಲಿಲ್ಲ. ಹುಟ್ಟುವಾಗಿನ ಕಡಿಮೆ ತೂಕ, ಎಳವೆಯ ಅಪೌಷ್ಟಿಕತೆ, ಮರುಕಳಿಸುವ ನ್ಯುಮೋನಿಯಾ, ಸೌದೆ ಒಲೆಯ ಹೊಗೆ ಇವೆಲ್ಲ ಶ್ವಾಸಕೋಶದ ಬೆಳವಣಿಗೆಯನ್ನು ಮೊಟಕು ಮಾಡುತ್ತವೆ. ಇವುಗಳಿಂದಾದ ಕೊರತೆಯನ್ನು ‘ಇವರು ಹುಟ್ಟಿರುವುದೇ ಹೀಗೆ’ ಎಂದು ಕಡಿತದಲ್ಲಿ ಮುಚ್ಚಿಬಿಟ್ಟರೆ, ನಿಜವಾಗಿ ರೋಗ ಬಂದವನೂ ‘ನಾರ್ಮಲ್’ ಆಗಿ ಕಾಣುತ್ತಾನೆ. ಧೂಳಿನಲ್ಲಿ ದುಡಿದು ಕಾಯಿಲೆ ಬಿದ್ದ ಕಾರ್ಮಿಕನಿಗೆ ಪರಿಹಾರ ತಪ್ಪಿಸಲು ಇದೇ ಕಡಿತ ಸಾಧನವಾಗುತ್ತದೆ. ಒಂದೇ ಗುಂಡಿ ಒಬ್ಬನಿಗೆ ಕೆಲಸ ಕೊಡಿಸುತ್ತದೆ, ಇನ್ನೊಬ್ಬನ ರೋಗ ಮರೆಮಾಚುತ್ತದೆ.

2012ರಲ್ಲಿ ಬಂದ ಜಾಗತಿಕ ಸೂತ್ರಕ್ಕೆ 26 ದೇಶಗಳ 74,187 ಆರೋಗ್ಯವಂತ, ಧೂಮಪಾನ ಮಾಡದವರ ಅಳತೆಗಳು ಆಧಾರ. ಅದರಲ್ಲಿ ನಾಲ್ಕು ಜನಾಂಗದ ಗುಂಪುಗಳು, ಐದನೆಯದು ‘ಇತರೆ’. ಭಾರತೀಯರಿಗೆಂದು ಗುಂಪಿಲ್ಲ. ನೂರು ಕೋಟಿ ಮೀರಿದ ನಾವು ‘ಇತರೆ’! 2022ರ ಆವೃತ್ತಿ ಗುಂಪುಗಳನ್ನೇ ತೆಗೆದು ಎಲ್ಲರಿಗೂ ಒಂದೇ ಸೂತ್ರ ಮಾಡಿತು. 2023ರಲ್ಲಿ ಅಮೆರಿಕದ ಎದೆರೋಗ ಸಂಘ ಅದನ್ನೇ ಬಳಸಿ ಎಂದಿತು. ಮುಂಬೈ, ಚೆನ್ನೈ, ದೆಹಲಿಗಳ ಸಂಶೋಧಕರು ಮಾಡಿದ ಭಾರತೀಯ ಸೂತ್ರಗಳೂ ಇವೆ. ಆದರೆ ಯಂತ್ರ ಮಾರುವವನು ಪೆಟ್ಟಿಗೆ ಬಿಚ್ಚಿ ಜೋಡಿಸಿ ಹೋದ ದಿನ ಯಾವ ಸೂತ್ರವಿತ್ತೋ ಅದೇ ವರ್ಷಾನುಗಟ್ಟಲೆ ಓಡುವುದು ಸಾಮಾನ್ಯ. ವರದಿಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಅದರ ಹೆಸರಿರುತ್ತದೆ. ಓದುವವರು ಕಡಿಮೆ.

ನಾನು ಈ ಪ್ರಕರಣದಲ್ಲಿ ಕಡಿತ ಬಳಸಲಿಲ್ಲ. ಯುರೋಪಿನ ಹಳೆಯ ಸೂತ್ರದಲ್ಲೇ ಅವನು ಕೆಳಮಿತಿಯ ಮೇಲಿದ್ದ, 2022ರ ಸೂತ್ರದಲ್ಲೂ ಮೇಲಿದ್ದ. ರಿಯಾಯಿತಿ ಇಲ್ಲದೆ ಪಾಸಾದವನಿಗೆ ರಿಯಾಯಿತಿಯ ಅಂಕ ಬರೆದುಕೊಟ್ಟರೆ ಮುಂದೆ ಯಾರಾದರೂ ಅದನ್ನೇ ಹಿಡಿದು ಎಳೆದಾಡುತ್ತಾರೆ.

ತಂದೆಯೂ ಊದಿದರು

ಮಗ ಊದುವುದನ್ನು ನೋಡುತ್ತ ಕೂತ ತಂದೆ, “ಅಕ್ಕಾರ, ನಂದೂ ಒಮ್ಮೆ ನೋಡ್ರಿ” ಎಂದರು. ವಯಸ್ಸು 58, ಎತ್ತರ 164. ಎಲೆ-ಅಡಿಕೆ ಉಂಟು, ಬೀಡಿ ಇಲ್ಲ. ಅಕ್ಕ ಅವರಿಗೂ ಅದೇ ಗಂಟಲಿನಲ್ಲಿ ಕೂಗಿದರು, ಬಹುವಚನದಲ್ಲಿ. ಎಫ್‌ವಿಸಿ 3.14, ಎಫ್‌ಇವಿ-1 2.38, ಅನುಪಾತ 76.

ಅಂಕಿ ನೋಡಿ ಅವರು ಪೆಚ್ಚಾದರು. ಮಗನಿಗಿಂತ ಮೊದಲ ಸೆಕೆಂಡಿನಲ್ಲಿ ಸುಮಾರು ಒಂದು ಲೀಟರ್ ಕಡಿಮೆ. ಅದು ಇರಬೇಕಾದದ್ದೇ ಎಂದು ಲೆಕ್ಕ ತೋರಿಸಿದೆ. ಇಪ್ಪತ್ತೈದರ ಆಸುಪಾಸಿನಲ್ಲಿ ಶ್ವಾಸಕೋಶ ತನ್ನ ಶಿಖರ ಮುಟ್ಟಿ, ಆಮೇಲೆ ಹಿಗ್ಗಿದ ಮೇಲೆ ಮತ್ತೆ ಪುಟಿದು ಕುಗ್ಗುವ ಗುಣ ಕಳೆದುಕೊಳ್ಳುತ್ತ ಹೋಗುತ್ತದೆ. ಅದೇ ಸೂತ್ರದ ಪ್ರಕಾರ ಗಂಡಸರ ಎಫ್‌ಇವಿ-1 ವರ್ಷಕ್ಕೆ 29 ಮಿಲಿಲೀಟರ್ ಇಳಿಯುತ್ತದೆ. ಮೂವತ್ತು ವರ್ಷಕ್ಕೆ 870, ಮೂರು ಸೆಂಟಿಮೀಟರ್ ಎತ್ತರದ ವ್ಯತ್ಯಾಸಕ್ಕೆ ಇನ್ನು 129: ಒಟ್ಟು ಹೆಚ್ಚುಕಡಿಮೆ ಒಂದು ಲೀಟರ್. ಅನುಪಾತವೂ ವಯಸ್ಸಿನೊಂದಿಗೆ ಇಳಿಯುತ್ತದೆ. 28ಕ್ಕೆ 82 ನಿರೀಕ್ಷಿತವಾದರೆ 58ಕ್ಕೆ 77. ಎಲ್ಲ ವಯಸ್ಸಿಗೂ 70 ಎಂಬ ಒಂದೇ ಗೆರೆ ಎಳೆದಾಗ ಎಪ್ಪತ್ತು-ಎಂಬತ್ತರ ಆರೋಗ್ಯವಂತ ಅಜ್ಜಂದಿರಿಗೆ ಸಿಒಪಿಡಿಯ ಪಂಪು ಸಿಗುವುದು, ಅನುಪಾತ 72 ಇರುವ ಇಪ್ಪತ್ತೈದರವರ ಅಸ್ತಮಾ ತಪ್ಪಿಹೋಗುವುದು ಇದೇ ಕಾರಣಕ್ಕೆ.

“ಹಂಗಾದ್ರ ಮಗ್ಗ ನನಗೂ ಏನೂ ಮಾಡಿಲ್ಲನ್ರಿ?” ಎಂದರು. ಈ ಅಳತೆಯಲ್ಲಂತೂ ಏನೂ ಕಾಣುವುದಿಲ್ಲ ಎಂದೆ. ಎಲೆ-ಅಡಿಕೆಯ ಮಾತನ್ನೂ ಸೇರಿಸಿದೆ. ಅದನ್ನು ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ.

ಪತ್ರ

ಕಂಪನಿಯ ವೈದ್ಯಾಧಿಕಾರಿಗೆ ಬರೆದ ಪತ್ರದಲ್ಲಿ ಲೀಟರುಗಳನ್ನು ಮೊದಲು, ಪ್ರತಿಶತವನ್ನು ಕೊನೆಗೆ ಬರೆದೆ. ಅಳೆದ ಎತ್ತರ 167, ಬಳಸಿದ ಸೂತ್ರದ ಹೆಸರು, ಎರಡೂ ಅಳತೆಗಳ ಕೆಳಮಿತಿ (3.55 ಮತ್ತು 3.04 ಲೀಟರ್), ಮೂರೂ ಊದುಗಳ ಗೆರೆಗಳು ಜೊತೆಗೆ. ಏಣಿ ಹತ್ತುವ ಕೆಲಸಕ್ಕೆ ಉಸಿರು ಸಾಲುತ್ತದೆಯೇ ಎಂಬ ಪ್ರಶ್ನೆಗೂ ಒಂದು ಸಾಲು: ಎಫ್‌ಇವಿ-1ನ್ನು 40ರಿಂದ ಗುಣಿಸಿದರೆ ನಿಮಿಷಕ್ಕೆ ಸುಮಾರು 134 ಲೀಟರ್ ಗಾಳಿ ಆಡಿಸುವ ಅಂದಾಜು ಸಾಮರ್ಥ್ಯ ಸಿಗುತ್ತದೆ, ಹತ್ತುವ ಕೆಲಸಕ್ಕೆ ಅಷ್ಟು ಬೇಕಾಗುವುದಿಲ್ಲ. ನಮ್ಮ ತೀರ್ಮಾನ: ಶ್ವಾಸಕೋಶದ ಕಾರ್ಯ ಸಹಜ, ಹಿಂದಿನ ವರದಿ ತಾಂತ್ರಿಕವಾಗಿ ಒಪ್ಪತಕ್ಕದ್ದಲ್ಲ.

ಅಲ್ಲಿಂದ ಫೋನು ಬಂತು. ಪತ್ರ ಸಿಕ್ಕಿದೆ, ಎಲ್ಲ ಸರಿ, ಪರ್ಸೆಂಟ್ ಎಷ್ಟು ಅಂತ ಒಂದೇ ಅಂಕಿ ಹೇಳಿ ಸರ್, ಫಾರ್ಮಿನಲ್ಲಿ ಒಂದೇ ಡಬ್ಬಿ ಇದೆ ಎಂದರು. 86 ಎಂದೆ. ತುಂಬಿಕೊಂಡರು. ಹುಡುಗ ಕೆಲಸಕ್ಕೆ ಸೇರಿದ.

ಅವನಿಗೆ ಹೇಳಿ ಕಳಿಸಿದ್ದು ಬೇರೆಯೇ ಮಾತು. ಇನ್ನು ಮೇಲೆ ಯುರೋಪಿನ ಸರಾಸರಿಯಾಗಲಿ ಭಾರತದ ಸರಾಸರಿಯಾಗಲಿ ನಿನಗೆ ಅಷ್ಟು ಮುಖ್ಯವಲ್ಲ, ನಿನ್ನ 3.92 ಮತ್ತು 3.36 ನಿನ್ನ ಅಳತೆ. ಈ ಕಾಗದವನ್ನು ಮಾರ್ಕ್ಸ್ ಕಾರ್ಡಿನ ಜೊತೆ ಇಡು. ರೆಕ್ಕೆ ದುರಸ್ತಿಯ ಶೆಡ್ಡಿನಲ್ಲಿ ಧೂಳಿದೆ, ಅದಕ್ಕೆ ವರ್ಷಕ್ಕೊಮ್ಮೆ ಊದು, ಆದಷ್ಟೂ ಇದೇ ತರಹದ ಯಂತ್ರದಲ್ಲಿ, ಬೆಳಗಿನ ಇದೇ ಹೊತ್ತಿನಲ್ಲಿ. ಆರೋಗ್ಯವಂತರಲ್ಲೂ ಅಳತೆ ವರ್ಷದಿಂದ ವರ್ಷಕ್ಕೆ ಒಂದಿಷ್ಟು ಏರುಪೇರಾಗುತ್ತದೆ. ಎಫ್‌ಇವಿ-1 ಒಂದು ವರ್ಷದಲ್ಲಿ ಪ್ರತಿಶತ 15ರಷ್ಟು, ಅಂದರೆ ನಿನ್ನ ಲೆಕ್ಕದಲ್ಲಿ 2.86ರ ಹತ್ತಿರಕ್ಕೆ ಇಳಿದರೆ, ಫಾರ್ಮು ಏನೇ ಹೇಳಲಿ, ಬಂದು ತೋರಿಸು. ಮರುವರ್ಷ ಬಂದಾಗ 3.87 ಮತ್ತು 3.33 ಇತ್ತು. ಶೆಡ್ಡಿನಲ್ಲಿ ಮಾಸ್ಕ್ ಕೊಡುತ್ತಾರೆ, ಆದರೆ ಗಡ್ಡ ಬಿಟ್ಟವರಿಗೆ ಅದು ಮುಖಕ್ಕೆ ಕೂರುವುದಿಲ್ಲ ಎಂದು ದೂರಿದ. ಅವನೂ ಗಡ್ಡ ಬಿಟ್ಟಿದ್ದ. ಬೋಳಿಸಿಕೊಳ್ಳಲು ಹೇಳಿದೆ.